ತಡವಾದದ್ದು ಯಾರಿಂದ?

ಇಂಗ್ಲೆಂಡು ಮತ್ತು ಸ್ಕಾಟ್ಲೆಂಡ್‌ಗಳ ನಡುವೆ ಸಾಲ್ವೇ ಫರ್ತ್ ಎಂಬ ಕೊಲ್ಲಿಯಿದೆ. ಅಲ್ಲಿ ರಾಬಿನ್ ರಿಗ್ ಎಂಬ ಹೆಸರಿನ ಗಾಳಿ ವಿದ್ಯುತ್ ಕೇಂದ್ರ ಕಟ್ಟಲು ಹೊರಟ ಇ.ಆನ್ ಕಂಪನಿ, 60 ಯಂತ್ರಗಳಿಗೆ ಬುನಾದಿ ಹಾಕುವ ಗುತ್ತಿಗೆಯನ್ನು 2006ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ಎಂ.ಟಿ. ಹೊಯ್ಗೋರ್ ಸಂಸ್ಥೆಗೆ ಕೊಟ್ಟಿತು. ಕಡಲ ತಳಕ್ಕೆ ಇಳಿಸಿದ ಉಕ್ಕಿನ ಕಂಬ, ಅದರ ತುದಿಗೆ ಕವಚವಾಗಿ ಕೂರುವ ಇನ್ನೊಂದು ದಪ್ಪ ಕೊಳವೆ, ಎರಡರ ಸಂದಿಗೆ ಗ್ರೌಟು ಎಂಬ ಗಟ್ಟಿಯಾಗುವ ಗಾರೆ. 2009ರ ಫೆಬ್ರವರಿಗೆ ಕೆಲಸ ಮುಗಿಯಿತು. 2010ರ ಏಪ್ರಿಲ್‌ನಲ್ಲಿ ಮೇಲಿನ ಕೊಳವೆಗಳು ಕಂಬದ ಮೇಲೆ ಕೆಳಕ್ಕೆ ಜಾರತೊಡಗಿದವು.

ಕೆಲಸಗಾರರು ಗ್ರೌಟು ಕದ್ದಿರಲಿಲ್ಲ, ಎಂಜಿನಿಯರರು ಲೆಕ್ಕ ತಪ್ಪಿರಲಿಲ್ಲ. ಲೆಕ್ಕಕ್ಕೆ ಆಧಾರವಾಗಿದ್ದ ಜೆ101 ಎಂಬ ಅಂತರರಾಷ್ಟ್ರೀಯ ಮಾನದಂಡದ ಒಂದು ಸೂತ್ರದಲ್ಲೇ ತಪ್ಪಿತ್ತು. ಗ್ರೌಟಿನ ಹಿಡಿತವನ್ನು ಅದು ಸುಮಾರು ಹತ್ತು ಪಟ್ಟು ಹೆಚ್ಚಾಗಿ ತೋರಿಸುತ್ತಿತ್ತು. ರಿಪೇರಿಯ ಖರ್ಚು 2.6 ಕೋಟಿ ಯೂರೊ ದಾಟಿತು. ಅದನ್ನು ಯಾರು ಹೊರಬೇಕು? ಕರಾರು ಎರಡು ಮಾತು ಹೇಳುತ್ತಿತ್ತು. ಜೆ101ರ ಪ್ರಕಾರ ವಿನ್ಯಾಸ ಮಾಡಿ ಎಂಬುದು ಒಂದು. ತಾಂತ್ರಿಕ ಷರತ್ತುಗಳ ನಡುವೆ ಹುದುಗಿದ್ದ ಇನ್ನೊಂದು ಸಾಲು, ಬುನಾದಿ 20 ವರ್ಷ ಬಾಳುವಂತಿರಬೇಕು ಎನ್ನುತ್ತಿತ್ತು. 2014ರಲ್ಲಿ ವಿಚಾರಣಾ ನ್ಯಾಯಾಲಯ ಇ.ಆನ್ ಪರವಾಗಿ ತೀರ್ಪು ಕೊಟ್ಟಿತು. ಹುದುಗಿಕೊಂಡ ಒಂದು ಸಾಲಿನ ಮೇಲೆ ಇಷ್ಟು ದೊಡ್ಡ ಹೊಣೆ ಹೊರಿಸಲಾಗದು ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಇ.ಆನ್ ಪರ ನಿಂತಿತು: ಎರಡು ಷರತ್ತುಗಳಲ್ಲಿ ಕಠಿಣವಾದದ್ದನ್ನೇ ಗುತ್ತಿಗೆದಾರ ಪಾಲಿಸಬೇಕು, ಮಾನದಂಡದ ದೋಷದ ಅಪಾಯವೂ ಅವನದೇ. ತಪ್ಪೇ ಮಾಡದವನು ದಂಡ ತೆತ್ತ.

ಲಂಡನ್ನಿನ ಹಿರಿಯ ಬ್ಯಾರಿಸ್ಟರರಲ್ಲಿ ಒಂದು ಸಣ್ಣ ಗುಂಪು ಇಂಥ ಪ್ರಕರಣಗಳಲ್ಲೇ ಬದುಕು ಸವೆಸುತ್ತದೆ. ಕೊಲೆ ಮೊಕದ್ದಮೆಯ ವಕೀಲರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಇವರ ಹೆಸರು ಬರುವುದು ಅಪರೂಪ. ಆದರೆ ದೊಡ್ಡ ಸೇತುವೆ, ಅಣುಸ್ಥಾವರ, ಅನಿಲ ಕೊಳವೆಮಾರ್ಗ ಯಾವ ದೇಶದಲ್ಲಿ ಕೆಟ್ಟರೂ ಕಡತ ಕೊನೆಗೆ ಇವರ ಮೇಜಿಗೆ ಬಂದು ಬೀಳುವ ಸಾಧ್ಯತೆ ಹೆಚ್ಚು. ಇವರ ಕೆಲಸ ಎಂಥದು, ಅದರಿಂದ ವ್ಯಾಜ್ಯ ನಿಜಕ್ಕೂ ತೀರುತ್ತದೆಯೇ, ಈ ವ್ಯವಸ್ಥೆಯ ಬಹುಪಾಲನ್ನು ಎರವಲು ಪಡೆದ ನಮಗೆ ಅದು ಎಷ್ಟು ಒದಗಿದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಈ ಜನ ಯಾರೆಂದು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್ ಬಳಿಗೆ. ವಾದ ಮಂಡಿಸಲು ಬ್ಯಾರಿಸ್ಟರನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ಸಾಲಿಸಿಟರರೇ. ಬ್ಯಾರಿಸ್ಟರರಲ್ಲಿ ಹಿರಿಯರಿಗೆ ರೇಷ್ಮೆ ಗೌನು ಮತ್ತು ಕಿಂಗ್ಸ್ ಕೌನ್ಸೆಲ್ ಎಂಬ ಬಿರುದು. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ರಾಣಿ ತೀರಿಕೊಂಡ ಕ್ಷಣದಿಂದ ಕ್ವೀನ್ಸ್ ಕೌನ್ಸೆಲ್‌ಗಳೆಲ್ಲ ಕಿಂಗ್ಸ್ ಕೌನ್ಸೆಲ್‌ಗಳಾದರು. ನಮ್ಮ ‘ಸೀನಿಯರ್ ಅಡ್ವೊಕೇಟ್’ ಪದವಿ ಈ ವಂಶದ್ದೇ. ಕಟ್ಟಡ ಮತ್ತು ಇಂಧನದ ವ್ಯಾಜ್ಯಗಳಿಗೆಂದೇ ಹೆಸರಾದ ಛೇಂಬರ್‌ಗಳಿವೆ. ಕೀಟಿಂಗ್ ಮತ್ತು ಅಟ್ಕಿನ್ ಅವುಗಳಲ್ಲಿ ಎದ್ದು ಕಾಣುವವು. ಈ ಕ್ಷೇತ್ರದ ಆಕರ ಗ್ರಂಥಗಳೂ ಬ್ಯಾರಿಸ್ಟರರೇ ಬರೆದವು. ಆಲ್ಫ್ರೆಡ್ ಹಡ್ಸನ್ನನ ಗ್ರಂಥ 1891ರದ್ದು, ಡೊನಾಲ್ಡ್ ಕೀಟಿಂಗ್‌ನದು 1955ರದ್ದು. ಎರಡೂ ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಿವೆ.

ಛೇಂಬರ್ ಎಂದರೆ ಕಂಪನಿಯಲ್ಲ. ಒಂದೇ ಸೂರಿನಡಿ ಬಾಡಿಗೆ ಮತ್ತು ಗುಮಾಸ್ತರನ್ನು ಹಂಚಿಕೊಂಡಿರುವ ಸ್ವತಂತ್ರ ವಕೀಲರ ಕೂಟ ಅದು. ಹಾಗಾಗಿ ಒಂದೇ ಛೇಂಬರಿನ ಇಬ್ಬರು ಒಂದೇ ಪ್ರಕರಣದಲ್ಲಿ ಎದುರುಬದುರಾಗಬಹುದು. ಒಬ್ಬರು ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥಗಾರರಾಗಿ ಕುಳಿತಿರುವಾಗ ಇನ್ನೊಬ್ಬರು ಅವರ ಮುಂದೆಯೇ ವಾದಿಸಲೂಬಹುದು. ಲಂಡನ್ನಿನವರಿಗೆ ಇದು ಸಹಜ, ಹೊರಗಿನವರಿಗೆ ಅಚ್ಚರಿ. ಕ್ರ್ಷ್ಕೊ ಅಣುವಿದ್ಯುತ್ ಸ್ಥಾವರದ ವಿಷಯದಲ್ಲಿ ಕ್ರೊಯೇಷಿಯಾದ ವಿದ್ಯುತ್ ಕಂಪನಿ ಸ್ಲೊವೇನಿಯಾದ ಮೇಲೆ ಹೂಡಿದ ಪ್ರಕರಣದಲ್ಲಿ ಹೀಗೇ ಆಯಿತು. ನ್ಯಾಯಮಂಡಳಿಯ ಅಧ್ಯಕ್ಷರ ಛೇಂಬರಿಗೇ ಸೇರಿದ ಹಿರಿಯ ಬ್ಯಾರಿಸ್ಟರ್ ಒಬ್ಬರು ಎದುರು ಪಕ್ಷದ ತಂಡದಲ್ಲಿರುವುದು ವಿಚಾರಣೆಯ ಹೊಸ್ತಿಲಲ್ಲಿ ಗೊತ್ತಾಯಿತು. ಅವರು ಈ ಪ್ರಕರಣದಲ್ಲಿ ಮುಂದುವರಿಯುವಂತಿಲ್ಲ ಎಂದು 2008ರಲ್ಲಿ ಮಂಡಳಿ ಆದೇಶಿಸಿತು. ಆ ಬ್ಯಾರಿಸ್ಟರ್ ಅಪ್ರಾಮಾಣಿಕರೆಂದು ಯಾರೂ ಹೇಳಲಿಲ್ಲ. ಆದರೂ ಆದೇಶ ಸರಿಯೆಂದೇ ನನ್ನ ಅಭಿಪ್ರಾಯ. ಸೋಲುವ ಪಕ್ಷಕ್ಕೆ ಸೋಲನ್ನು ಒಪ್ಪಿಕೊಳ್ಳುವಷ್ಟು ನಂಬಿಕೆ ಉಳಿಯಬೇಕಲ್ಲ.

ಇಂಗ್ಲೆಂಡಿನ ನ್ಯಾಯಾಲಯ ಈ ವ್ಯಾಜ್ಯಗಳನ್ನು ಬಹುಕಾಲ ಕೀಳಾಗಿಯೇ ಕಂಡಿತು. ಗಾರೆ ಬಿರುಕು, ಸೋರುವ ಮಾಡು, ಚರಂಡಿ, ನೂರಾರು ಸಣ್ಣ ಲೆಕ್ಕ. 1873ರ ಕಾಯಿದೆ ಇವುಗಳಿಗೆಂದು ‘ಅಫಿಶಿಯಲ್ ರೆಫರಿ’ ಎಂಬ ಕೆಳಹಂತದ ಅಧಿಕಾರಿಗಳನ್ನು ಸೃಷ್ಟಿಸಿತು. ಈ ರೆಫರಿಗಳ ಪೈಕಿ ಸ್ಕಾಟ್ ಎಂಬವರು ರೂಪಿಸಿದ ಪಟ್ಟಿಯ ಮಾದರಿ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ: ಒಂದು ಅಂಕಣದಲ್ಲಿ ದೋಷ, ಪಕ್ಕದಲ್ಲಿ ವಾದಿಯ ಮಾತು, ಅದರ ಪಕ್ಕ ಪ್ರತಿವಾದಿಯ ಉತ್ತರ, ಕೊನೆಯಲ್ಲಿ ನ್ಯಾಯಾಧೀಶರಿಗೆ ಖಾಲಿ ಜಾಗ. 1998ರಲ್ಲಿ ಇದೇ ನ್ಯಾಯಾಲಯ ‘ಟೆಕ್ನಾಲಜಿ ಅಂಡ್ ಕನ್‌ಸ್ಟ್ರಕ್ಷನ್ ಕೋರ್ಟ್’ ಎಂಬ ಹೊಸ ಹೆಸರು ಪಡೆಯಿತು. ಈಗ ಅದು ಹೈಕೋರ್ಟಿನ ಪ್ರತಿಷ್ಠಿತ ವಿಭಾಗ.

ಇಲ್ಲಿ ಹೋರಾಟ ನಡೆಯುವುದು ಹೆಚ್ಚಾಗಿ ಕಾನೂನಿನ ಮೇಲಲ್ಲ, ಕಾಲದ ಮೇಲೆ. ಕಾಮಗಾರಿ ಹದಿನಾಲ್ಕು ತಿಂಗಳು ತಡವಾಗಿದೆ. ಮಾಲೀಕ ದಿನಕ್ಕಿಷ್ಟು ಎಂದು ಮೊದಲೇ ನಿಗದಿಯಾದ ದಂಡವನ್ನು ಕೇಳುತ್ತಾನೆ. ನಮ್ಮ ಗುತ್ತಿಗೆದಾರರು ಎಲ್.ಡಿ. ಎನ್ನುವುದು ಇದನ್ನೇ. ಗುತ್ತಿಗೆದಾರ ನಕ್ಷೆ ಬರಲೇ ಇಲ್ಲ, ಜಾಗ ಬಿಟ್ಟುಕೊಡಲಿಲ್ಲ, ಕೆಲಸ ನಡುವೆ ಬದಲಿಸಿದರು ಎನ್ನುತ್ತಾನೆ. ಬಹುತೇಕ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ತಡವಾದ ದಿನಗಳನ್ನು ಯಾರ ಖಾತೆಗೆ ಹಾಕಬೇಕು ಎಂಬುದೇ ಪ್ರಶ್ನೆ.

ಲಿವರ್‌ಪೂಲ್ ನಗರಸಭೆಯ ವಸತಿ ಕಟ್ಟಡವೊಂದರ ಪ್ರಕರಣ ಇದಕ್ಕೆ ಹಳೆಯ ಉದಾಹರಣೆ. ಬುನಾದಿಯ ಪೈಲ್‌ಗಳಲ್ಲಿ ದೋಷ ಕಂಡುಬಂತು, ಕೆಲಸ ನಿಂತಿತು. ದೋಷ ಉಪಗುತ್ತಿಗೆದಾರನದೇ. ಆದರೆ ತಜ್ಞರನ್ನು ನೇಮಿಸುವುದರಲ್ಲಿ, ರಿಪೇರಿ ಯೋಜನೆಗೆ ಒಪ್ಪಿಗೆ ಕೊಡುವುದರಲ್ಲಿ ನಗರಸಭೆ ಕಾಲ ತಳ್ಳಿತು. ಒಟ್ಟು 58 ವಾರ ಹೋಯಿತು. ಮಾಲೀಕನೇ ಮಾಡಿದ ತಡಕ್ಕೆ ಅವಧಿ ವಿಸ್ತರಿಸುವ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ನಿಗದಿತ ದಂಡವನ್ನು ಕೇಳುವ ಹಕ್ಕೇ ಬಿದ್ದುಹೋಗುತ್ತದೆ ಎಂದು 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕರಾರುಗಳಲ್ಲಿರುವ ಅವಧಿ ವಿಸ್ತರಣೆಯ ಷರತ್ತು ಗುತ್ತಿಗೆದಾರನಿಗೆ ಮಾಡಿದ ಉಪಕಾರ ಎಂದು ಇಂದಿಗೂ ಅನೇಕ ಅಧಿಕಾರಿಗಳು ತಿಳಿದಿದ್ದಾರೆ. ನಿಜದಲ್ಲಿ ಅದು ಕಾಯುವುದು ಮಾಲೀಕನ ದಂಡದ ಹಕ್ಕನ್ನು.

ಇಬ್ಬರ ತಪ್ಪೂ ಒಂದೇ ವೇಳೆಗೆ ತಡ ಮಾಡಿದ್ದರೆ? 1999ರ ಮ್ಯಾಂಚೆಸ್ಟರ್ ಹೋಟೆಲ್ ಪ್ರಕರಣದ ನಂತರ ಇಂಗ್ಲೆಂಡಿನಲ್ಲಿ ಬೇರೂರಿದ ಉತ್ತರ: ಗುತ್ತಿಗೆದಾರನಿಗೆ ಸಮಯ ಸಿಗುತ್ತದೆ, ಹಣ ಸಿಗುವುದಿಲ್ಲ. ಸ್ಕಾಟ್ಲೆಂಡಿನ ನ್ಯಾಯಾಲಯ 2010ರಲ್ಲಿ ಬೇರೆ ದಾರಿ ಹಿಡಿದು ದಿನಗಳನ್ನು ಪಾಲು ಮಾಡಿತು. 2018ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಜಂಟಿ ತಡಕ್ಕೆ ಸಮಯವೂ ಇಲ್ಲ ಎಂದು ಕರಾರಿನಲ್ಲೇ ಬರೆದುಕೊಂಡರೆ ಅದೂ ನಡೆಯುತ್ತದೆ ಎಂದಿತು. ಅಂದಿನಿಂದ ಮಾಲೀಕರ ವಕೀಲರು ಆ ಷರತ್ತನ್ನು ಸಾಲಾಗಿ ತುರುಕತೊಡಗಿದ್ದಾರೆ.

ಇಂಥ ವಿಚಾರಣೆಯಲ್ಲಿ ಹಿರಿಯ ಬ್ಯಾರಿಸ್ಟರ್ ಮಾಡುವುದಾದರೂ ಏನು? ದಾವೆಯ ಕರಡನ್ನು ಬಹುಪಾಲು ಕಿರಿಯರು ಬರೆಯುತ್ತಾರೆ. ವೇಳಾಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಜೋಡಿಸುವವರು ವಿಳಂಬ ತಜ್ಞರು. ಬೇಡದ್ದನ್ನು ಎಸೆಯುವ ಧೈರ್ಯ ಮಾತ್ರ ಹಿರಿಯರದು. ಗುತ್ತಿಗೆದಾರ ನಲವತ್ತು ದೂರುಗಳನ್ನು ಹೊತ್ತು ತಂದಿರುತ್ತಾನೆ, ಪ್ರತಿಯೊಂದೂ ಅವನಿಗೆ ಮಗುವಿನಷ್ಟು ಪ್ರಿಯ. ಅವುಗಳಲ್ಲಿ ಕೆಲಸದ ಮುಖ್ಯ ಸರಪಳಿಯನ್ನು ನಿಲ್ಲಿಸಿದ್ದು ನಾಲ್ಕೇ ಎಂದು ಹೇಳಿ ಉಳಿದವನ್ನು ಬಿಡಿಸುವುದು, ಆಮೇಲೆ ಎದುರು ಪಕ್ಷದ ತಜ್ಞನನ್ನು ಅವನದೇ ನಕ್ಷೆಯ ಒಂದು ಗೆರೆಗೆ ಕಟ್ಟಿಹಾಕಿ ಪಾಟಿ ಸವಾಲು ಮಾಡುವುದು. ಈಗೀಗ ಇಬ್ಬರೂ ತಜ್ಞರನ್ನು ಒಟ್ಟಿಗೆ ಕೂರಿಸಿ ನ್ಯಾಯಾಧೀಶರೇ ಪ್ರಶ್ನೆ ಕೇಳುವ ಪದ್ಧತಿಯೂ ಬಂದಿದೆ. ಅಲ್ಲಿ ವಾಕ್ಚಾತುರ್ಯಕ್ಕೆ ಬೆಲೆ ಕಡಿಮೆ.

ಇಷ್ಟೆಲ್ಲ ಪಾಂಡಿತ್ಯ ಕೊನೆಗೆ ನಿಲ್ಲುವುದು ಎಂದೋ ಒಬ್ಬ ಕಿರಿಯ ಸೈಟ್ ಎಂಜಿನಿಯರ್ ಸಂಜೆ ಹೊತ್ತು ಬರೆದಿಟ್ಟ ಟಿಪ್ಪಣಿಯ ಮೇಲೆ. ಈ ವಿಷಯದಲ್ಲಿ ನಮ್ಮ ಲೋಕೋಪಯೋಗಿ ಪದ್ಧತಿ ಕಾಗದದ ಮಟ್ಟಿಗಾದರೂ ಲಂಡನ್ನಿಗಿಂತ ಹಿಂದಿಲ್ಲ: ಅಳತೆಗೆ ಎಂ.ಬಿ. ಎಂಬ ಅಳತೆ ಪುಸ್ತಕ ಇದೆ, ಅಡಚಣೆಗೆ ಹಿಂಡ್ರೆನ್ಸ್ ರಿಜಿಸ್ಟರ್ ಇದೆ. ಆ ರಿಜಿಸ್ಟರನ್ನು ದಿನದಿನ ತುಂಬಿದರೆ ವ್ಯಾಜ್ಯದ ಅರ್ಧ ಅಲ್ಲೇ ತೀರುತ್ತದೆ. ಅವಧಿ ವಿಸ್ತರಣೆಯ ಅರ್ಜಿ ಹಾಕುವ ಹಿಂದಿನ ವಾರ ಕುಳಿತು ತುಂಬಿದ ರಿಜಿಸ್ಟರ್ ಯಾವ ಪಾಟಿ ಸವಾಲಿನಲ್ಲೂ ಉಳಿಯದು.

ಖರ್ಚಿನ ಮಾತಿಗೆ ವೆಂಬ್ಲಿ ಕ್ರೀಡಾಂಗಣವನ್ನು ನೋಡಬೇಕು. ಮುಖ್ಯ ಗುತ್ತಿಗೆದಾರ ಮಲ್ಟಿಪ್ಲೆಕ್ಸ್, ಉಕ್ಕಿನ ಕೆಲಸದ ಉಪಗುತ್ತಿಗೆದಾರ ಕ್ಲೀವ್‌ಲೆಂಡ್ ಬ್ರಿಡ್ಜ್. 2004ರಲ್ಲಿ ಸಂಬಂಧ ಮುರಿಯಿತು. ರಾಜಿ ಮಾಡಿಕೊಳ್ಳಿ ಎಂದು ನ್ಯಾಯಾಧೀಶ ಜಾಕ್ಸನ್ ಮತ್ತೆ ಮತ್ತೆ ಹೇಳಿದರು, ಯಾರೂ ಕೇಳಲಿಲ್ಲ. 2008ರ ತೀರ್ಪಿನಲ್ಲಿ ಮಲ್ಟಿಪ್ಲೆಕ್ಸ್‌ಗೆ ದಕ್ಕಿದ್ದು ಸುಮಾರು 60 ಲಕ್ಷ ಪೌಂಡ್. ಎರಡೂ ಕಡೆಯ ವ್ಯಾಜ್ಯದ ಖರ್ಚು ಸುಮಾರು 2.2 ಕೋಟಿ ಪೌಂಡ್. ಅದರಲ್ಲಿ ನಕಲು ಪ್ರತಿ ತೆಗೆಸಿದ ಖರ್ಚೇ 10 ಲಕ್ಷ. ಗೆದ್ದವರೂ ಸೋತಿದ್ದರು ಎನ್ನಲು ಬೇರೆ ಲೆಕ್ಕ ಬೇಡ.

ಇಂಥ ಅನಾಹುತಕ್ಕೆ ಮದ್ದನ್ನು ಬ್ರಿಟನ್ ಅದಾಗಲೇ ಕಂಡುಕೊಂಡಿತ್ತು. 1994ರಲ್ಲಿ ಸರ್ ಮೈಕೆಲ್ ಲೇಥಮ್ ಅವರ ವರದಿ, ನಿರ್ಮಾಣ ಉದ್ಯಮದಲ್ಲಿ ಹಣ ಮೇಲಿನಿಂದ ಕೆಳಕ್ಕೆ ಹರಿಯದೆ ಚಿಕ್ಕ ಉಪಗುತ್ತಿಗೆದಾರರು ಮುಳುಗುವುದನ್ನು ಎತ್ತಿ ತೋರಿಸಿತು. ಅದರ ಫಲವಾಗಿ 1996ರ ಕಾಯಿದೆ ಬಂತು. 1998ರ ಮೇ 1ರಿಂದ ಜಾರಿಯಾಯಿತು. ನಿರ್ಮಾಣ ಕರಾರಿನ ಯಾವುದೇ ಪಕ್ಷ ಯಾವ ಗಳಿಗೆಯಲ್ಲಾದರೂ ಅಡ್ಜುಡಿಕೇಟರ್ ಎಂಬ ತಟಸ್ಥ ವ್ಯಕ್ತಿಯ ಮುಂದೆ ವ್ಯಾಜ್ಯ ಇಡಬಹುದು. ಅವರು 28 ದಿನಗಳಲ್ಲಿ ತೀರ್ಮಾನ ಹೇಳಬೇಕು. ತೀರ್ಮಾನ ತಾತ್ಕಾಲಿಕ, ಆದರೆ ಹಣ ಈಗಲೇ ಕೊಡಬೇಕು. ಅತೃಪ್ತಿಯಿದ್ದವರು ಆಮೇಲೆ ಕೋರ್ಟಿಗೆ ಹೋಗಲಿ.

1999ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಡೈಸನ್ ಇಂಥ ಮೊದಲ ತೀರ್ಮಾನವನ್ನು ಜಾರಿಗೊಳಿಸಿದರು. ಮರುವರ್ಷವೇ ಕಠಿಣ ಪರೀಕ್ಷೆ ಬಂತು. ಫ್ರಾನ್ಸಿನ ಬುಯಿಗ್ ಕಂಪನಿಯ ಪ್ರಕರಣದಲ್ಲಿ ಅಡ್ಜುಡಿಕೇಟರ್ ಲೆಕ್ಕದಲ್ಲಿ ಎಡವಿದ್ದರು. ಇನ್ನೂ ಸಂದಾಯವಾಗಬೇಕಿಲ್ಲದ ಠೇವಣಿ ಹಣವನ್ನು ಸೇರಿಸಿದ್ದರಿಂದ, ಹಣ ವಾಪಸು ಪಡೆಯಬೇಕಿದ್ದ ಬುಯಿಗ್‌ಗೇ ಎರಡು ಲಕ್ಷ ಪೌಂಡಿನಷ್ಟು ಕೊಡಲು ಹೇಳಿದ್ದರು. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಆದರೂ ಕೇಳಿದ ಪ್ರಶ್ನೆಗೇ ಉತ್ತರಿಸಿದ್ದಾರೆ, ಉತ್ತರ ತಪ್ಪಾದರೂ ಸದ್ಯಕ್ಕೆ ಅದು ಬದ್ಧ ಎಂದಿತು ಮೇಲ್ಮನವಿ ನ್ಯಾಯಾಲಯ. (ಎದುರು ಕಂಪನಿ ದಿವಾಳಿಯಾಗಿದ್ದರಿಂದ ಪಾವತಿಗೆ ತಡೆ ಸಿಕ್ಕಿದ್ದು ಬೇರೆ ಮಾತು.) ಬೇಗ ಸಿಗುವ ತೀರ್ಮಾನ, ಸರಿಯಾದ ತೀರ್ಮಾನ ಇವೆರಡನ್ನೂ ಬೇರೆ ಬೇರೆ ಮಾಡಿ ಮೊದಲನೆಯದಕ್ಕೆ ಕಾನೂನಿನ ಬಲ ಕೊಟ್ಟದ್ದು, ಈ ಕ್ಷೇತ್ರದಲ್ಲಿ ಇಂಗ್ಲೆಂಡು ಮಾಡಿದ ಅತಿ ದೊಡ್ಡ ಕೆಲಸ ಎಂದು ನನಗನಿಸುತ್ತದೆ. ಹಡ್ಸನ್ನನ ಗ್ರಂಥಕ್ಕಿಂತಲೂ ದೊಡ್ಡದು.

ವಿಚಿತ್ರವೆಂದರೆ ಇಂಧನ ಕ್ಷೇತ್ರದ ಬಹುಭಾಗ ಈ ಕಾಯಿದೆಯ ಹೊರಗಿದೆ. ತೈಲ–ಅನಿಲಕ್ಕಾಗಿ ಕೊರೆಯುವುದು, ವಿದ್ಯುತ್ ಉತ್ಪಾದನೆಯ ಅಥವಾ ಅಣು ಸಂಸ್ಕರಣೆಯ ಸ್ಥಳದಲ್ಲಿ ಯಂತ್ರಗಳನ್ನು ಜೋಡಿಸುವುದು, ಅವಕ್ಕೆ ಆಧಾರವಾಗುವ ಉಕ್ಕಿನ ಚೌಕಟ್ಟು: ಇವೆಲ್ಲ ಅಪವಾದ. ನಮ್ಮ ಕರಾರುಗಳು ಚೆನ್ನಾಗಿಯೇ ಇವೆ ಎಂದು ಆ ಉದ್ಯಮಗಳು ಸಂಸತ್ತಿನ ಮೇಲೆ ಒತ್ತಡ ತಂದವು, ಪಡೆದವು. ಪರಿಣಾಮವಾಗಿ ಒಂದೇ ಸೈಟಿನಲ್ಲಿ ಕಾಂಪೌಂಡು ಕಟ್ಟಿದವನಿಗೆ 28 ದಿನದ ಹಕ್ಕು ಇದೆ, ಬಾಯ್ಲರ್ ಕೂರಿಸಿದವನಿಗೆ ಇಲ್ಲ. ಹಲ್ ನಗರದ ತ್ಯಾಜ್ಯದಿಂದ ವಿದ್ಯುತ್ ತೆಗೆಯುವ ಸ್ಥಾವರದ ಪ್ರಕರಣದಲ್ಲಿ ಎರಡೂ ಬಗೆಯ ಕೆಲಸ ಒಂದೇ ಕರಾರಿನಲ್ಲಿ ಬೆರೆತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಬ್ಯಾರಿಸ್ಟರರಿಗೆ ಒಳ್ಳೆಯ ಕೆಲಸ. ಉಪಗುತ್ತಿಗೆದಾರನಿಗೆ ಇದರಿಂದ ಏನು ಒಳಿತಾಯಿತೆಂದು ಯಾರೂ ಇದುವರೆಗೆ ವಿವರಿಸಿಲ್ಲ.

ಹಾಗಾಗಿ ಇಂಧನದ ದೊಡ್ಡ ವ್ಯಾಜ್ಯಗಳು ಹೋಗುವುದು ಮಧ್ಯಸ್ಥಿಕೆಗೆ, ಮುಚ್ಚಿದ ಬಾಗಿಲಿನ ಹಿಂದಕ್ಕೆ. ಹೊರಗೆ ಕಾಣುವುದು ಅದರಿಂದ ಚಿಮ್ಮಿ ಕೋರ್ಟಿಗೆ ಬಂದ ತುಣುಕುಗಳು ಮಾತ್ರ. 2016ರಲ್ಲಿ ರಷ್ಯಾದ ಬೆರೆಜೊವ್ಸ್ಕಯ ವಿದ್ಯುತ್ ಕೇಂದ್ರ ಹೊತ್ತಿ ಉರಿಯಿತು. ಪರಿಹಾರದ ಜಗಳ ಬೆಳೆದು, ಮಧ್ಯಸ್ಥಿಕೆಯ ಒಪ್ಪಂದಕ್ಕೆ ಯಾವ ದೇಶದ ಕಾನೂನು ಅನ್ವಯಿಸಬೇಕು ಎಂಬ ಪ್ರಶ್ನೆಯಾಗಿ 2020ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಬಂತು. ಕೋರ್ಟು ಕೊಟ್ಟ ಉತ್ತರ ಎಷ್ಟು ಜಟಿಲವಾಗಿತ್ತೆಂದರೆ 2025ರ ಮಧ್ಯಸ್ಥಿಕೆ ಕಾಯಿದೆ ಅದನ್ನು ಬದಿಗೆ ಸರಿಸಿ, ಪಕ್ಷಗಳು ಬೇರೆ ಹೇಳದಿದ್ದರೆ ಮಧ್ಯಸ್ಥಿಕೆ ನೆಲೆಗೊಂಡ ಜಾಗದ ಕಾನೂನೇ ಅನ್ವಯ ಎಂದು ಬರೆಯಿತು. ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸ್ಫೋಟದಿಂದ ಹುಟ್ಟಿದ ವಿಮಾ ವ್ಯಾಜ್ಯ, ಒಬ್ಬರೇ ಮಧ್ಯಸ್ಥಗಾರರು ಅದೇ ಘಟನೆಯ ಹಲವು ಪ್ರಕರಣಗಳಲ್ಲಿ ಕುಳಿತರೆ ಅದನ್ನು ಬಹಿರಂಗಪಡಿಸಬೇಕೇ ಎಂಬ ಪ್ರಶ್ನೆ ಎತ್ತಿತು. ಬಹಿರಂಗಪಡಿಸಲೇಬೇಕು ಎಂಬುದು ಕಾನೂನಾಯಿತು.

ಮುಚ್ಚಿದ ಬಾಗಿಲಿನ ಅಪಾಯವನ್ನು ತೋರಿಸಿದ್ದು ನೈಜೀರಿಯಾ. 2010ರಲ್ಲಿ ಪಿ ಅಂಡ್ ಐಡಿ ಎಂಬ ಕಂಪನಿ ಅಲ್ಲಿನ ಸರ್ಕಾರದೊಡನೆ ಅನಿಲ ಸಂಸ್ಕರಣೆಯ 20 ವರ್ಷಗಳ ಕರಾರು ಮಾಡಿಕೊಂಡಿತು. ಸ್ಥಾವರ ಮೇಲೇಳಲೇ ಇಲ್ಲ. ಸರ್ಕಾರ ಅನಿಲ ಪೂರೈಸಲಿಲ್ಲ ಎಂದು ಕಂಪನಿ ಲಂಡನ್ನಿನಲ್ಲಿ ಮಧ್ಯಸ್ಥಿಕೆಗೆ ಹೋಯಿತು. 2017ರಲ್ಲಿ 660 ಕೋಟಿ ಡಾಲರಿನ ಐತೀರ್ಪು (ಮಧ್ಯಸ್ಥಗಾರರ ತೀರ್ಪು) ಬಂತು. ಶೇ 7ರ ಬಡ್ಡಿ ಸೇರಿ ಅದು 1,100 ಕೋಟಿ ಡಾಲರಿಗೆ ಬೆಳೆಯಿತು. 2023ರ ಅಕ್ಟೋಬರ್ 23ರಂದು ನ್ಯಾಯಾಧೀಶ ನೋಲ್ಸ್, ಈ ಐತೀರ್ಪು ವಂಚನೆಯಿಂದ ಪಡೆದದ್ದು ಎಂದು ತೀರ್ಮಾನಿಸಿದರು. ಕರಾರಿನ ಹೊತ್ತಿನಲ್ಲಿ ಅಧಿಕಾರಿಗೆ ಲಂಚ ಹೋಗಿತ್ತು, ಸಾಕ್ಷ್ಯದಲ್ಲಿ ಸುಳ್ಳಿತ್ತು, ನೈಜೀರಿಯಾದ ವಕೀಲರ ಗೋಪ್ಯ ಕಾಗದಗಳು ಎದುರು ಪಕ್ಷದ ಕೈ ಸೇರಿದ್ದವು. ಮೂವರು ಅನುಭವಿ ಮಧ್ಯಸ್ಥಗಾರರು ಕುಳಿತಿದ್ದರೂ ಇದೊಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸರ್ಕಾರದ ಪರ ವಾದ ಅಷ್ಟು ದುರ್ಬಲವಾಗಿ ನಡೆದಿತ್ತು. ಎರಡೂ ಕಡೆ ಸಮರ್ಥರಿದ್ದಾಗ ಮಾತ್ರ ಸತ್ಯ ಹೊರಬೀಳುವ ವ್ಯವಸ್ಥೆ ಇದು. ಜನರ ತೆರಿಗೆಯ ಹಣ ಪಣಕ್ಕಿಟ್ಟಾಗ ಗೋಪ್ಯತೆ ಬೇಕೇ ಎಂಬ ಪ್ರಶ್ನೆಗೆ ನ್ಯಾಯಾಧೀಶರು ಬೊಟ್ಟುಮಾಡಿ ಬಿಟ್ಟರು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ದಾಭೋಲ್‌ನಿಂದ ಬೆಂಗಳೂರಿಗೆ ಅನಿಲ ತರುವ ಕೊಳವೆಮಾರ್ಗದ ಒಡೆಯ ಗೇಲ್ ಕೂಡ ಈ ಲೋಕದ ಕಕ್ಷಿದಾರನೇ. ರಷ್ಯಾದ ಗ್ಯಾಜ್‌ಪ್ರೋಮ್‌ನ ಅಂಗಸಂಸ್ಥೆಯೊಡನೆ 2012ರಲ್ಲಿ ಅದು ಹಡಗಿನಲ್ಲಿ ಅನಿಲ ತರಿಸಿಕೊಳ್ಳುವ ದೀರ್ಘಾವಧಿಯ ಕರಾರು ಮಾಡಿಕೊಂಡಿತ್ತು. ಉಕ್ರೇನ್ ಯುದ್ಧದ ನಂತರ ಆ ಅಂಗಸಂಸ್ಥೆ ಜರ್ಮನಿಯ ಸರ್ಕಾರದ ಕೈಗೆ ಹೋಯಿತು, 2022ರಲ್ಲಿ ಹಡಗುಗಳು ಬರುವುದು ನಿಂತಿತು. ಗೇಲ್ ಲಂಡನ್ನಿನ ಮಧ್ಯಸ್ಥಿಕೆಗೆ ಹೋಗಿ 180 ಕೋಟಿ ಡಾಲರಿನಷ್ಟು ಕೇಳಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು.

ಭಾರತ ಈ ಇಂಗ್ಲಿಷ್ ಪರಂಪರೆಯಿಂದ ಬಹಳಷ್ಟನ್ನು ತಂದುಕೊಂಡಿದೆ. ತಡದಿಂದಾದ ಕಚೇರಿ ಖರ್ಚಿನ ನಷ್ಟ ಲೆಕ್ಕಹಾಕುವ ಹಡ್ಸನ್ ಸೂತ್ರ ಮತ್ತು ಅದರ ಬಂಧುಗಳನ್ನು, ಒಎನ್‌ಜಿಸಿಯ ಕಡಲ ವೇದಿಕೆಗಳ ಕೆಲಸದಿಂದ ಹುಟ್ಟಿದ ಮೆಕ್‌ಡರ್ಮಟ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 2006ರಲ್ಲಿ ಒಪ್ಪಿತು. ನಮ್ಮದೇ ಕೊಡುಗೆಯೂ ಉಂಟು. ಕರಾರು ಮುರಿದವರು ಯಾರು ಎಂಬುದನ್ನು ಕರಾರಿನ ಒಂದು ಪಕ್ಷವಾದ ಸರ್ಕಾರದ ಅಧಿಕಾರಿಯೇ ತೀರ್ಮಾನಿಸುವಂತಿಲ್ಲ ಎಂಬ ತತ್ವ 1987ರಲ್ಲಿ ಗಟ್ಟಿಯಾದದ್ದು ಕರ್ನಾಟಕ ಸರ್ಕಾರ ಮತ್ತು ತೀರ್ಥಹಳ್ಳಿಯ ರಾಮೇಶ್ವರ ಅಕ್ಕಿ ಗಿರಣಿಯ ನಡುವಿನ ಪ್ರಕರಣದಲ್ಲಿ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2011ರಲ್ಲಿ ಗುವಾಹಟಿ ವಿಮಾನ ನಿಲ್ದಾಣದ ಕಾಮಗಾರಿಯ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದರು: ದಂಡ ಎಷ್ಟು ಎಂದು ಎಂಜಿನಿಯರ್ ಲೆಕ್ಕಹಾಕಬಹುದು, ತಪ್ಪು ಯಾರದೆಂದು ಹೇಳುವ ಅಧಿಕಾರ ಅವರದಲ್ಲ. ಸಣ್ಣ ಗುತ್ತಿಗೆದಾರರಿಗೆ ಈ ಎರಡು ತೀರ್ಪುಗಳು ಕೊಟ್ಟ ಬಲ ಕಡಿಮೆಯಲ್ಲ.

ನಾವು ತರದೇ ಬಿಟ್ಟದ್ದು ಆ 28 ದಿನಗಳನ್ನು. ಹೆದ್ದಾರಿ, ಮೆಟ್ರೊ ಕರಾರುಗಳಲ್ಲಿ ವ್ಯಾಜ್ಯ ಮಂಡಳಿಗಳಿವೆ. ಆದರೆ ಅವು ಹೇಳಿದ ಹಣವನ್ನು ಕೂಡಲೇ ಕೊಡಿಸುವ ಕಾಯಿದೆ ಇಲ್ಲ. ದೆಹಲಿ ವಿಮಾನ ನಿಲ್ದಾಣ ಮೆಟ್ರೊ ಮಾರ್ಗದ ಕತೆ ನೋಡಿ. ಮೇಲ್ಸೇತುವೆಯ ದೋಷಗಳ ಕಾರಣ ಕೊಟ್ಟು ಖಾಸಗಿ ಕಂಪನಿ 2012ರಲ್ಲಿ ಕರಾರು ಕೊನೆಗೊಳಿಸಿತು. 2017ರಲ್ಲಿ ಸುಮಾರು 2,800 ಕೋಟಿ ರೂಪಾಯಿಯ ಐತೀರ್ಪು ಅದರ ಪರ ಬಂತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುನರ್ಪರಿಶೀಲನೆಯ ಅರ್ಜಿಯೂ ಬಿದ್ದಿತು. ಆಮೇಲೆ 2024ರ ಏಪ್ರಿಲ್ 10ರಂದು, ಕೊನೆಯ ದಾರಿಯಾದ ಅಪರೂಪದ ಕ್ಯುರೇಟಿವ್ ಅರ್ಜಿಯಲ್ಲಿ ಅದೇ ಕೋರ್ಟು ಐತೀರ್ಪನ್ನು ರದ್ದುಮಾಡಿತು. ಬಡ್ಡಿ ಸೇರಿ ಮೊತ್ತ ಆಗ 8,000 ಕೋಟಿಯ ಸುತ್ತಮುತ್ತ ಇತ್ತು. ಯಾವ ತೀರ್ಪು ಸರಿ ಎಂಬ ಬಗ್ಗೆ ತಿಳಿದವರಲ್ಲೇ ಎರಡು ಮಾತಿದೆ. ಮುಗಿಯಲು ಹನ್ನೆರಡು ವರ್ಷ ಹಿಡಿಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ಸರ್ಕಾರಕ್ಕೂ ಇದು ಗೊತ್ತು. ಐತೀರ್ಪನ್ನು ಪ್ರಶ್ನಿಸುವ ಸರ್ಕಾರಿ ಸಂಸ್ಥೆಗಳು ಬ್ಯಾಂಕ್ ಗ್ಯಾರಂಟಿ ಪಡೆದು ಶೇ 75ರಷ್ಟನ್ನು ಕೊಡಬೇಕು ಎಂದು 2016ರಲ್ಲಿ ಸಂಪುಟ ನಿರ್ಧರಿಸಿತು. ಲಂಡನ್ನಿನ ‘ಮೊದಲು ಹಣ, ಆಮೇಲೆ ವಾದ’ಕ್ಕೆ ನಾವು ಅತಿ ಹತ್ತಿರ ಹೋದದ್ದು ಅಲ್ಲೇ. 2024ರ ಜೂನಿನಲ್ಲಿ ಹಣಕಾಸು ಸಚಿವಾಲಯ ಇನ್ನೊಂದು ದಿಕ್ಕಿಗೆ ತಿರುಗಿತು: ಸರ್ಕಾರಿ ಕರಾರುಗಳಲ್ಲಿ ಮಧ್ಯಸ್ಥಿಕೆಯ ಷರತ್ತು ಇನ್ನು ತಾನಾಗಿಯೇ ಇರಬೇಕಿಲ್ಲ, ಇಟ್ಟರೂ ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಸೀಮಿತವಾಗಲಿ, ಉಳಿದದ್ದಕ್ಕೆ ಸಂಧಾನ ಅಥವಾ ಕೋರ್ಟು. ಮಧ್ಯಸ್ಥಿಕೆ ದುಬಾರಿಯಾಗಿದೆ, ನಿಧಾನವಾಗಿದೆ ಎಂಬ ದೂರು ಸುಳ್ಳಲ್ಲ. ಆದರೆ ಗುತ್ತಿಗೆದಾರನನ್ನು ಅಲ್ಲಿಂದ ಎಬ್ಬಿಸಿ ಕಳಿಸುತ್ತಿರುವುದು ಅದಕ್ಕಿಂತ ನಿಧಾನದ ಸಿವಿಲ್ ಕೋರ್ಟಿಗೆ. ವಿದೇಶಿ ವಕೀಲರು ಬಂದು ಸಲಹೆ ಕೊಟ್ಟು ಹೋಗಬಹುದು, ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಭಾಗವಹಿಸಬಹುದು ಎಂದು 2018ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ದೊಡ್ಡ ಕಂಪನಿಗಳು ಲಂಡನ್ನಿನ ಹಿರಿಯ ಬ್ಯಾರಿಸ್ಟರನ್ನು ಕರೆಸಿಕೊಳ್ಳುತ್ತವೆ, ಅಥವಾ ಕರಾರಿನಲ್ಲೇ ಸಿಂಗಪುರವನ್ನೋ ಲಂಡನ್ನನ್ನೋ ಬರೆಸಿಕೊಳ್ಳುತ್ತವೆ. ಲೇಥಮ್ ವರದಿ ಯಾರ ಸಲುವಾಗಿ ಹುಟ್ಟಿತೋ ಆ ಚಿಕ್ಕ ಉಪಗುತ್ತಿಗೆದಾರನಿಗೆ, ಬಿಲ್ ಪಾಸಾಗಲೆಂದು ಕಚೇರಿಗೆ ಅಲೆಯುವ ಹಾದಿಯೊಂದೇ ಇಲ್ಲಿ ಉಳಿದಿದೆ.